ತೂಕ ಇಳಿದ ಮೇಲೆ ಜೋಲುವ ಚರ್ಮ: ಯಾವ ಸರ್ಜರಿ ಯಾರಿಗೆ?

120 ಕೆಜಿಯಿಂದ 75ಕ್ಕೆ ಇಳಿದ ಮೈಯಲ್ಲಿ ಕೊಬ್ಬು ಹೋಗಿರುತ್ತದೆ, ಅದನ್ನು ಹೊತ್ತಿದ್ದ ಚರ್ಮ ಹೋಗಿರುವುದಿಲ್ಲ. ವರ್ಷಗಟ್ಟಲೆ ಹಿಗ್ಗಿದ ಚರ್ಮದೊಳಗಿನ ಎಲಾಸ್ಟಿನ್ ಎಳೆಗಳು ಹರಿದಿರುತ್ತವೆ. ಹರಿದ ಎಳೆ ವ್ಯಾಯಾಮಕ್ಕೂ ಬಗ್ಗುವುದಿಲ್ಲ, ಎಣ್ಣೆಗೂ ಬಗ್ಗುವುದಿಲ್ಲ. ಪ್ಲ್ಯಾಂಕ್ ಮಾಡಿದರೆ ಒಳಗಿನ ಸ್ನಾಯು ಗಟ್ಟಿಯಾಗುತ್ತದೆ, ಮೇಲಿನ ಚರ್ಮ ಮಾತ್ರ ಜೋತಾಡುತ್ತಲೇ ಇರುತ್ತದೆ. ರೇಡಿಯೋಫ್ರೀಕ್ವೆನ್ಸಿ ಯಂತ್ರಗಳು ತುಸು ಸಡಿಲವಾದ ಚರ್ಮವನ್ನು ತುಸು ಬಿಗಿ ಮಾಡಿಯಾವು, ಮಡಿಕೆ ಬಿದ್ದ ಹೊಟ್ಟೆಗೆ ಅವುಗಳಿಂದ ಏನೂ ಆಗದು. ಬರೀ ಲೈಪೋಸಕ್ಷನ್ ಅಂತೂ ಬೇಡವೇ ಬೇಡ. ಒಳಗಿನ ಅಷ್ಟಿಷ್ಟು ಕೊಬ್ಬನ್ನೂ ಹೀರಿಬಿಟ್ಟರೆ ಚೀಲ ಇನ್ನಷ್ಟು ಖಾಲಿಯಾಗಿ ಜೋಲುತ್ತದೆ. ಉಳಿಯುವುದು ಕತ್ತರಿ ಒಂದೇ.

ಕತ್ತರಿಯ ಕೆಲಸಕ್ಕೆ ಆಸ್ಪತ್ರೆಗಳಲ್ಲಿ ಐದಾರು ಹೆಸರುಗಳಿವೆ. ಬರುವವರು ಸಾಮಾನ್ಯವಾಗಿ ಕೇಳುವುದು ‘ಯಾವುದರಲ್ಲಿ ಜಾಸ್ತಿ ಚರ್ಮ ತೆಗೀತಾರೆ?’ ಅಂತ. ಮೊದಲು ಕೇಳಬೇಕಾದ್ದು, ನನ್ನ ಚರ್ಮ ಯಾವ ದಿಕ್ಕಿಗೆ ಸಡಿಲವಾಗಿದೆ ಎಂದು. ದೊಗಲೆ ಬ್ಲೌಸ್ ಕೊಟ್ಟರೆ ಟೈಲರ್ ನೋಡುವುದೂ ಇದನ್ನೇ. ಉದ್ದ ಹೆಚ್ಚಿದ್ದರೆ ಕೆಳಗೆ ಮಡಚಿ ಹೊಲಿಯುತ್ತಾರೆ, ಅಗಲ ಹೆಚ್ಚಿದ್ದರೆ ಪಕ್ಕದಲ್ಲಿ ಹೊಲಿಗೆ ಹಿಡಿಯುತ್ತಾರೆ. ಕೆಳಗೆ ಎಷ್ಟು ಮಡಚಿದರೂ ಅಗಲ ಕಡಿಮೆಯಾಗುವುದಿಲ್ಲ. ಮೈಯಲ್ಲಿ ಹೊಲಿಗೆ ಬಿದ್ದ ಕಡೆಯೆಲ್ಲ ಜೀವಮಾನವಿಡೀ ಗೆರೆ ಉಳಿಯುತ್ತದೆ ಎನ್ನುವುದಷ್ಟೇ ವ್ಯತ್ಯಾಸ.

ಕನ್ನಡಿ ಮುಂದೆ ಐದು ನಿಮಿಷ

ಒಳಉಡುಪಿನಲ್ಲಿ ನೆಟ್ಟಗೆ ನಿಂತು ಹೊಕ್ಕುಳಿನ ಕೆಳಗಿನ ಮಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆಳೆಯಿರಿ. ಹೊಕ್ಕುಳಿನ ಮೇಲಿನ ಭಾಗ ಸಪಾಟಾದರೆ ನಿಮ್ಮದು ಉದ್ದದ ಸಡಿಲ. ಎಳೆದರೂ ಅಲ್ಲಿ ಸುಕ್ಕು ಉಳಿದು, ಹೊಟ್ಟೆಯ ನಡುವಿನ ಚರ್ಮವನ್ನು ಎಡಬಲದಿಂದ ಒತ್ತರಿಸಿದಾಗ ಮುಷ್ಟಿ ತುಂಬಿದರೆ ಅಗಲದ ಸಡಿಲವೂ ಇದೆ. ಈಗ ಪಕ್ಕಕ್ಕೆ ತಿರುಗಿ. ಮಡಿಕೆ ಸೊಂಟದ ಮೂಳೆಯ ಹತ್ತಿರ ಮುಗಿಯುತ್ತದೆಯೋ, ಬೆನ್ನಿಗೂ ಸುತ್ತಿದೆಯೋ? ಪೃಷ್ಠ, ತೊಡೆಯ ಹೊರಭಾಗ ಕೆಳಗೆ ಜಾರಿವೆಯೋ? ಹಾಗಿದ್ದರೆ ಸಡಿಲ ಸುತ್ತಲೂ ಇದೆ.

ಕೊನೆಗೆ ಅಂಗಾತ ಮಲಗಿ, ಮಂಡಿ ಮಡಚಿ, ತಲೆಯನ್ನಷ್ಟೇ ಎತ್ತಿ ಹೊಕ್ಕುಳಿನ ಮೇಲೆ ಬೆರಳಿಟ್ಟು ನೋಡಿ. ಎರಡು ಬೆರಳಿಗಿಂತ ಅಗಲದ ಸಂದು ಸಿಕ್ಕಿದರೆ ಹೊಟ್ಟೆಯ ಎರಡು ಉದ್ದ ಸ್ನಾಯುಗಳು ಒಂದರಿಂದೊಂದು ದೂರ ಸರಿದಿವೆ ಎಂದರ್ಥ. ಹೆರಿಗೆಯಾದವರಲ್ಲಿ ಇದು ಸಾಮಾನ್ಯ, ದೊಡ್ಡ ಹೊಟ್ಟೆ ಇದ್ದ ಗಂಡಸರಲ್ಲೂ ಇರುತ್ತದೆ. ಕೆಮ್ಮಿದಾಗ ಗೋಲಿಯಂಥದ್ದು ಹೊರಗೆ ಬಂದರೆ ಅದು ಹರ್ನಿಯಾ ಇರಬಹುದು. ಸರ್ಜರಿಗೆ ಮುನ್ನ ಅಲ್ಟ್ರಾಸೌಂಡೋ ಸಿ.ಟಿ. ಸ್ಕ್ಯಾನೋ ಆಗಲೇಬೇಕು. ಗೊತ್ತಿಲ್ಲದ ಹರ್ನಿಯಾದ ಚೀಲದಲ್ಲಿ ಕರುಳು ಇರಬಹುದು, ಚರ್ಮ ಬಿಡಿಸುವ ಕತ್ತರಿ ಅದಕ್ಕೆ ತಗುಲಿದರೆ ಸರ್ಜರಿಯ ಕಥೆಯೇ ಬೇರೆಯಾಗುತ್ತದೆ.

ಜೋಲುವ ಹೊಟ್ಟೆಯನ್ನು ವೈದ್ಯರು ಐದು ದರ್ಜೆಯಲ್ಲಿ ಬರೆದುಕೊಳ್ಳುತ್ತಾರೆ. ಗುಹ್ಯಾಂಗದ ಮೇಲಿನ ಕೂದಲಿನ ಗೆರೆಯವರೆಗೆ ಬಂದರೆ 1, ಗುಹ್ಯಾಂಗ ಮುಚ್ಚಿದರೆ 2, ತೊಡೆಯ ಮೇಲ್ಭಾಗಕ್ಕೆ 3, ತೊಡೆಯ ಮಧ್ಯಕ್ಕೆ 4, ಮಂಡಿಗೂ ಅದರ ಕೆಳಕ್ಕೂ ಇಳಿದರೆ 5. ವಿಮೆಯ ಅರ್ಜಿಯಲ್ಲಿ ಈ ಅಂಕೆ ಕೆಲಸಕ್ಕೆ ಬರುತ್ತದೆ, ನಿಮ್ಮ ಫೈಲಿನಲ್ಲಿ ಬರೆಸಿಕೊಳ್ಳಿ.

ಹೊಟ್ಟೆಗೆ ನಾಲ್ಕು ದಾರಿ

ಪ್ಯಾನಿಕ್ಯುಲೆಕ್ಟಮಿ ಎಲ್ಲಕ್ಕಿಂತ ಸರಳವಾದದ್ದು, ಹಳೆಯದೂ ಹೌದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೋವರ್ಡ್ ಕೆಲಿ ಇಂಥದ್ದನ್ನು ಮಾಡಿ 1899ರಲ್ಲೇ ವರದಿ ಬರೆದಿದ್ದರು. ಜೋಲುವ ಮಡಿಕೆಯನ್ನು ಅಡ್ಡಲಾಗಿ ಕತ್ತರಿಸಿ ತೆಗೆದು ಹೊಲಿಯುತ್ತಾರೆ, ಅಷ್ಟೇ. ಮೇಲಿನ ಚರ್ಮವನ್ನು ಒಳಗಿನಿಂದ ಬಿಡಿಸುವುದಿಲ್ಲ, ಸ್ನಾಯು ಹೊಲಿಯುವುದಿಲ್ಲ. ಎರಡು ಮೂರು ಗಂಟೆಯ ಕೆಲಸ. ಮಡಿಕೆಯ ಅಡಿಯಲ್ಲಿ ಸದಾ ಬೆವರು, ಫಂಗಸ್, ಕೆಂಪಗೆ ಸುಲಿದ ಚರ್ಮ, ಬೇಸಿಗೆ ಬಂತೆಂದರೆ ಮಡಿಕೆಯೊಳಗೆ ಹಳೆಯ ಕಾಟನ್ ಪಂಚೆಯ ತುಂಡು ಸಿಕ್ಕಿಸಿಕೊಂಡು ಓಡಾಡುವ ಸ್ಥಿತಿ: ಇಂಥವರಿಗೆ ಇದು ದೊಡ್ಡ ಬಿಡುಗಡೆ. ಮಧುಮೇಹ, ಹೃದಯದ ತೊಂದರೆ ಇದ್ದು ದೀರ್ಘ ಅರಿವಳಿಕೆ ತಡೆಯಲಾರದವರಿಗೂ ಇದೇ ಹೊಂದುತ್ತದೆ. ಹೊಕ್ಕುಳಿನ ಮೇಲಿನ ಸಡಿಲ ಹಾಗೆಯೇ ಉಳಿಯುತ್ತದೆ. ಬಟ್ಟೆ ಹಾಕಿದಾಗ ಚೆನ್ನಾಗಿ ಕಾಣುವ, ಬಿಚ್ಚಿದಾಗ ಅರ್ಧಕ್ಕೆ ನಿಲ್ಲಿಸಿದಂತೆ ಕಾಣುವ ಸರ್ಜರಿ ಇದು. ಅದು ಒಪ್ಪಿಗೆಯಿದ್ದರೆ ತಪ್ಪೇನಿಲ್ಲ.

ಅಬ್ಡಾಮಿನೋಪ್ಲಾಸ್ಟಿ, ಅಂದರೆ ಟಮ್ಮಿ ಟಕ್. ಗೆರೆ ಒಂದು ಸೊಂಟದ ಮೂಳೆಯಿಂದ ಇನ್ನೊಂದರವರೆಗೆ. ಚರ್ಮವನ್ನು ಎದೆಗೂಡಿನವರೆಗೆ ಬಿಡಿಸಿ ಮೇಲೆತ್ತಿ, ದೂರ ಸರಿದ ಸ್ನಾಯುಗಳನ್ನು ನಡುವೆ ಹೊಲಿದು ಹತ್ತಿರ ತಂದು, ಚರ್ಮವನ್ನು ಕೆಳಕ್ಕೆಳೆದು ಹೆಚ್ಚುವರಿಯನ್ನು ಕತ್ತರಿಸುತ್ತಾರೆ. ಹೊಕ್ಕುಳು ಇದ್ದಲ್ಲೇ ಇರುತ್ತದೆ, ಅದಕ್ಕೆ ಮೇಲಿನ ಚರ್ಮದಲ್ಲಿ ಹೊಸ ಕಿಂಡಿ ಮಾಡುತ್ತಾರೆ. ಉದ್ದದ ಸಡಿಲ ಮತ್ತು ಸ್ನಾಯುವಿನ ಸಂದು ಎರಡೂ ಇದ್ದು ಬೆನ್ನಿನ ಕಡೆ ಚರ್ಮ ಬಿಗಿಯಾಗಿರುವವರಿಗೆ ಇದು ಸರಿ. 40–50 ಕೆಜಿ ಇಳಿಸಿದವರಲ್ಲಿ ಅಂಥವರು ಕಡಿಮೆ. ಸುತ್ತಲಿನ ಸಡಿಲ ಇದ್ದವರಿಗೆ ಇದನ್ನು ಮಾಡಿದರೆ ಗೆರೆಯ ಎರಡೂ ತುದಿಯಲ್ಲಿ ನಾಯಿಕಿವಿಯಂತೆ ಚರ್ಮ ಎದ್ದು ನಿಲ್ಲುತ್ತದೆ, ಮತ್ತೆ ಕತ್ತರಿ ಬೀಳುತ್ತದೆ. ಮುಂದೆ ಮಗು ಬೇಕೆನ್ನುವವರು ಹೆರಿಗೆ ಮುಗಿಸಿಕೊಂಡೇ ಬರುವುದು ಜಾಣತನ. ಗರ್ಭ ಬೆಳೆದಾಗ ಹೊಲಿದ ಸ್ನಾಯು ಮತ್ತೆ ಸರಿಯುತ್ತದೆ.

ಮೂರನೆಯದಕ್ಕೆ ಫ್ಲರ್ ಡಿ ಲೀ ಎಂಬ ಫ್ರೆಂಚ್ ಹೂವಿನ ಹೆಸರಿದೆ. ಅಡ್ಡ ಗೆರೆಯ ಜೊತೆಗೆ ಎದೆಯ ಕೆಳಗಿನಿಂದ ಒಂದು ಉದ್ದ ಗೆರೆ, ಎರಡೂ ಸೇರಿ ತಲೆಕೆಳಗಾದ ‘ಟಿ’. ಅಗಲದ ಸಡಿಲಕ್ಕೆ ಇದಕ್ಕಿಂತ ಬೇರೆ ಮದ್ದಿಲ್ಲ, ಸೊಂಟದ ಆಕಾರ ಬರುವುದೂ ಇದರಿಂದಲೇ. ಸೀರೆ ಉಟ್ಟಾಗ ಹೊಟ್ಟೆಯ ನಡುವಿನ ಗೆರೆ ಕಾಣುವುದನ್ನು ನೆನೆದು ಬಹಳ ಜನ ಹಿಂಜರಿಯುತ್ತಾರೆ. ಹಿಂಜರಿಕೆ ನ್ಯಾಯವೇ. ಆದರೆ ಹಳೆಯ ಆಪರೇಷನ್ನಿನ ಉದ್ದ ಗೆರೆ ಆಗಲೇ ಹೊಟ್ಟೆಯ ಮಧ್ಯದಲ್ಲಿದ್ದರೆ ಯೋಚಿಸುವುದೇ ಬೇಡ. ಹಳೆಯ ಗೆರೆ ಹೋಗಿ ಅಲ್ಲಿಗೇ ಹೊಸದು ಬರುತ್ತದೆ. ಇದರಲ್ಲಿ ಕೈಕೊಡುವ ಜಾಗ ಯಾವಾಗಲೂ ಒಂದೇ, ಎರಡು ಗೆರೆ ಸೇರುವ ಕೆಳಗಿನ ಮೂಲೆ. ಅಲ್ಲಿಗೆ ರಕ್ತ ಬರುವುದು ಅತಿ ದೂರದಿಂದ, ಎಳೆತವೂ ಅಲ್ಲೇ ಜಾಸ್ತಿ. ಎರಡನೇ ವಾರದಲ್ಲಿ ಆ ಮೂಲೆ ನಾಣ್ಯದಗಲ ಬಾಯಿ ಬಿಟ್ಟರೆ ಗಾಬರಿ ಬೀಳಬೇಡಿ. ದಿನಕ್ಕೊಮ್ಮೆ ಡ್ರೆಸಿಂಗ್ ಮಾಡಿಸಿಕೊಂಡರೆ ಕೆಲವು ವಾರಗಳಲ್ಲಿ ತಾನೇ ಕೂಡುತ್ತದೆ. ಗೆರೆ ಅಷ್ಟರ ಮಟ್ಟಿಗೆ ಅಗಲವಾಗುತ್ತದೆ.

ನಾಲ್ಕನೆಯದು ಬೆಲ್ಟ್ ಲೈಪೆಕ್ಟಮಿ, ಲೋವರ್ ಬಾಡಿ ಲಿಫ್ಟ್ ಎಂದೂ ಕರೆಯುತ್ತಾರೆ. ಉಡಿದಾರದ ಹಾಗೆ ಸೊಂಟದ ಸುತ್ತ ಪೂರ್ತಿ ಗೆರೆ. ಹೊಟ್ಟೆ, ಪೃಷ್ಠ, ತೊಡೆಯ ಹೊರಭಾಗ ಮೂರೂ ಒಟ್ಟಿಗೆ ಮೇಲೇರುತ್ತವೆ. ಐದರಿಂದ ಏಳು ಗಂಟೆ ಬೇಕು, ಬೋರಲು ಮಲಗಿಸಿ ಬೆನ್ನಿನ ಕಡೆ ಮುಗಿಸಿ ಅಂಗಾತ ತಿರುಗಿಸುತ್ತಾರೆ. ಮೂರು ನಾಲ್ಕು ದಿನ ಆಸ್ಪತ್ರೆ. ಫಲಿತಾಂಶ ನೋಡಿದರೆ ನಾಲ್ಕರಲ್ಲಿ ಇದೇ ಮೇಲು, ತೊಡಕು ಎಣಿಸಿದರೂ ಇದರದ್ದೇ ಮೇಲುಗೈ! ಬೆನ್ನಿನ ಕಡೆ ನೀರು ತುಂಬುವುದು, ಬಾಗಿದಾಗ ಹಿಂದಿನ ಹೊಲಿಗೆ ಬಿಡುವುದು, ರಕ್ತ ಕೊಡಬೇಕಾಗಿ ಬರುವುದು ಇಲ್ಲಿ ಹೆಚ್ಚು. ತೂಕ ಇಳಿದವರ ಪೃಷ್ಠ ಮೊದಲೇ ಚಪ್ಪಟೆಯಾಗಿರುತ್ತದೆ, ಮೇಲೆಳೆದಾಗ ಇನ್ನಷ್ಟು ಚಪ್ಪಟೆ. ಕತ್ತರಿಸುವ ಕೊಬ್ಬನ್ನೇ ಒಳಗೆ ಮಡಚಿ ತುಂಬುವ ವಿಧಾನವಿದೆ, ಬೇಕೇ ಬೇಡವೇ ಎಂದು ಮೊದಲೇ ಮಾತಾಡಿಕೊಳ್ಳಬೇಕು.

ಈ ಸರ್ಜರಿಗೆ ತಳಹದಿ ಹಾಕಿದವರು ಅಮೆರಿಕದ ಟೆಡ್ ಲಾಕ್‌ವುಡ್. ಚರ್ಮದಡಿಯ ಕೊಬ್ಬಿನೊಳಗೆ ಗಟ್ಟಿಯಾದ ಒಂದು ತೆಳು ಪೊರೆ ಇದೆ, ಭಾರವನ್ನು ಆ ಪೊರೆಯ ಹೊಲಿಗೆಗೆ ಹೊರಿಸಬೇಕು, ಚರ್ಮದ ಹೊಲಿಗೆಗಲ್ಲ ಎಂದು ಅವರು 1991ರಲ್ಲಿ ತೋರಿಸಿಕೊಟ್ಟರು. ಗೆರೆ ಕಿರಿದಾಗಿ ಉಳಿಯುವುದೂ ಹಗ್ಗದಂತೆ ಅಗಲವಾಗುವುದೂ ಬಹುಮಟ್ಟಿಗೆ ಈ ಒಳಹೊಲಿಗೆಯ ಮೇಲೆ ನಿಂತಿದೆ.

ಯಾವುದನ್ನೇ ಆರಿಸಿದರೂ ಹಳೆಯ ಗಾಯದ ಗುರುತುಗಳನ್ನು ಒಂದೂ ಬಿಡದೆ ತೋರಿಸಿ. ಪಿತ್ತಕೋಶ ತೆಗೆಯಲು ಬಲ ಪಕ್ಕೆಲುಬಿನ ಕೆಳಗೆ ಓರೆಯಾಗಿ ಕೊಯ್ದ ಹಳೆಯ ಗೆರೆ ಅತಿ ಅಪಾಯದ್ದು. ಟಮ್ಮಿ ಟಕ್‌ನಲ್ಲಿ ಬಿಡಿಸಿದ ಚರ್ಮಕ್ಕೆ ರಕ್ತ ಬರುವುದು ಪಕ್ಕೆಗಳ ಕಡೆಯಿಂದ. ಆ ದಾರಿಯನ್ನು ಹಳೆಯ ಗೆರೆ ಕಡಿದುಹಾಕಿರುತ್ತದೆ. ಎರಡೂ ಗೆರೆಗಳ ನಡುವಿನ ಚರ್ಮ ಕಪ್ಪಾಗಿ ಸಾಯಬಹುದು. ಕೀಹೋಲ್ ಸರ್ಜರಿಯ ಚುಕ್ಕೆಗಳಿಂದ ಈ ಭಯವಿಲ್ಲ, ಸಿಸೇರಿಯನ್ ಗೆರೆ ಕತ್ತರಿಸುವ ಭಾಗದಲ್ಲೇ ಹೋಗಿಬಿಡುತ್ತದೆ.

ತೋಳು, ತೊಡೆ

ತೋಳಿನಲ್ಲಿ ಲೆಕ್ಕ ಸರಳ, ಗೆರೆ ಕಷ್ಟ. ಬ್ರೇಕಿಯೋಪ್ಲಾಸ್ಟಿಯ ಗೆರೆ ಕಂಕುಳಿನಿಂದ ಮೊಣಕೈವರೆಗೆ ಇರುತ್ತದೆ. ಚರ್ಮ ಎದೆಯ ಪಕ್ಕಕ್ಕೂ ಜೋತಿದ್ದರೆ ಕಂಕುಳು ದಾಟಿ ಅಲ್ಲಿಗೂ ಇಳಿಯುತ್ತದೆ. ಗೆರೆಯನ್ನು ತೋಳಿನ ಒಳಬದಿಗೆ ಇಟ್ಟರೆ ಕೈ ಇಳಿಬಿಟ್ಟಾಗ ಯಾರಿಗೂ ಕಾಣದು, ಆರತಿ ಎತ್ತಿದಾಗ ಎದುರಿಗಿದ್ದವರಿಗೆ ಕಾಣುತ್ತದೆ. ಹಿಂಬದಿಗೆ ಇಟ್ಟರೆ ನಿಮಗೆ ಕಾಣದು, ಹಿಂದೆ ನಿಂತವರಿಗೆ ಕಾಣುತ್ತದೆ. ಮೊಣಕೈವರೆಗಿನ ತೋಳಿನ ಬ್ಲೌಸ್ ಎರಡನ್ನೂ ಮುಚ್ಚುತ್ತದೆ. ಕಂಕುಳಿನಲ್ಲಿ ಗೆರೆಯನ್ನು ನೇರವಾಗಿ ದಾಟಿಸದೆ ‘ಝಡ್’ ಆಕಾರದಲ್ಲಿ ಮುರಿಯಬೇಕು. ನೇರ ಗೆರೆ ಒಣಗುತ್ತಾ ಮೋಟಾಗಿ, ಕೈ ಮೇಲೆತ್ತಲು ಬಿಡದ ಪಟ್ಟಿಯಾಗುತ್ತದೆ. ಮೊಣಕೈ ಹತ್ತಿರ ಮುಂಗೈಯ ಒಳಭಾಗಕ್ಕೆ ಹೋಗುವ ಸ್ಪರ್ಶದ ನರ ಹಾದಿದೆ. ಆಳಕ್ಕೆ ಕತ್ತರಿಸಿ ಅದು ತುಂಡಾದರೆ ಅಲ್ಲಿ ಕಾಯಂ ಜೋಮು.

ತೊಡೆಯ ಒಳಭಾಗದ ಸಡಿಲ ಮೇಲಿನ ಮೂರನೇ ಒಂದು ಭಾಗಕ್ಕೆ ಸೀಮಿತವಾಗಿದ್ದರೆ ತೊಡೆಸಂದಿನಲ್ಲಿ ಅಡಗುವ ಗೆರೆ ಸಾಕು. ಮಂಡಿಯವರೆಗೂ ಇದ್ದರೆ ಉದ್ದ ಗೆರೆ ಬೇಕೇ ಬೇಕು. ತುಂಬಾ ತೂಕ ಇಳಿಸಿದವರಿಗೆ ಚಿಕ್ಕ ಗೆರೆಯ ಆಸೆ ತೋರಿಸಿದರೆ ಅನುಮಾನ ಪಡಿ. ಚಿಕ್ಕದರಲ್ಲಿ ಚರ್ಮವನ್ನು ಒಳಗಿನ ಗಟ್ಟಿ ಪೊರೆಗೆ ಕಟ್ಟದಿದ್ದರೆ ಕಾಲಿನ ಭಾರಕ್ಕೆ ಗೆರೆ ಕೆಳಗೆ ಜಾರುತ್ತದೆ, ಹೆಂಗಸರಲ್ಲಿ ಯೋನಿಯ ತುಟಿಗಳನ್ನು ಎರಡೂ ಕಡೆಗೆ ಎಳೆದು ಅಗಲಿಸುತ್ತದೆ. ಇದನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ತೊಡೆಯಲ್ಲಿ ದುಗ್ಧನಾಳಗಳು ದಟ್ಟವಾಗಿರುವುದರಿಂದ ಊತ ತಿಂಗಳುಗಟ್ಟಲೆ ಉಳಿಯಬಹುದು. ಉಚ್ಚೆ, ಬೆವರು, ಉಜ್ಜಾಟ ಮೂರೂ ಸೇರುವ ಜಾಗವಾದ್ದರಿಂದ ಗಾಯ ಬಾಯಿ ಬಿಡುವುದೂ ಜಾಸ್ತಿ. ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಮಾತ್ರ ಇದ್ದರೆ ಸರ್ಜರಿಗೆ ಮೊದಲೇ ಕಮೋಡ್ ಕುರ್ಚಿ ತಂದಿಟ್ಟುಕೊಳ್ಳಿ. ಕುಕ್ಕರುಗಾಲಿನಲ್ಲಿ ಕೂತರೆ ಹೊಲಿಗೆಯ ಮೇಲೆ ಪೂರ್ತಿ ಎಳೆತ ಬೀಳುತ್ತದೆ, ಆರು ವಾರ ಅದು ಬೇಡ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದೂ ಬೇಡ.

ಒಂದೇ ಸಲವೋ, ಕಂತಿನಲ್ಲೋ

ಎಲ್ಲವನ್ನೂ ಒಂದೇ ದಿನ ಮುಗಿಸಿ ಎನ್ನುವವರಿದ್ದಾರೆ. ರಜೆ ಒಂದೇ ಸಲ, ಖರ್ಚೂ ಕಡಿಮೆ ಎಂಬ ಲೆಕ್ಕ. ಗಂಟೆ ಹೆಚ್ಚಿದಂತೆ ಮೈ ತಣ್ಣಗಾಗುತ್ತದೆ, ರಕ್ತ ಹೋಗುತ್ತದೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಆರು ಗಂಟೆಯೊಳಗೆ ಮುಗಿಯದ ಜೋಡಿ ಸರ್ಜರಿಗಳನ್ನು ಎರಡು ಕಂತು ಮಾಡಿ, ನಡುವೆ ಕನಿಷ್ಠ ಮೂರು ತಿಂಗಳು ಬಿಡಿ ಎನ್ನುವುದು ನಮ್ಮ ಸಲಹೆ. ಎಳೆತದ ದಿಕ್ಕನ್ನೂ ನೋಡಬೇಕು. ಕೆಳಬೆನ್ನನ್ನು ಮೇಲಕ್ಕೂ ಮೇಲ್ಬೆನ್ನನ್ನು ಕೆಳಕ್ಕೂ ಒಂದೇ ದಿನ ಎಳೆದರೆ ಎರಡೂ ಹೊಲಿಗೆ ಒಂದರ ಜೊತೆ ಇನ್ನೊಂದು ಜಗಳಕ್ಕೆ ಬೀಳುತ್ತವೆ. ಮೊದಲು ಬೆಲ್ಟ್, ಆಮೇಲೆ ತೊಡೆ. ಬೆಲ್ಟ್‌ನಿಂದ ತೊಡೆಯೂ ಅಷ್ಟು ಮೇಲೇರುತ್ತದೆ, ಉಳಿದದ್ದನ್ನು ನೋಡಿಕೊಂಡು ಕಡಿಮೆ ಕತ್ತರಿಸಿದರಾಯಿತು. ಹೊಟ್ಟೆಯ ಜೊತೆ ತೋಳು ಅಥವಾ ಸ್ತನ ಸೇರಿಸುವುದು ಸಾಮಾನ್ಯವಾಗಿ ಹೊಂದುತ್ತದೆ. ತೋಳು ಮತ್ತು ತೊಡೆ ಒಟ್ಟಿಗೆ ಮಾಡಿಸಿಕೊಂಡರೆ ಹಾಸಿಗೆಯಿಂದ ಏಳಲು ಕೈಯೂರುವಂತಿಲ್ಲ, ಕಾಲೂರುವಂತಿಲ್ಲ.

ದಿನ ಗೊತ್ತುಮಾಡುವ ಮುನ್ನ

ತೂಕ ಇಳಿಸುವ ಬೇರಿಯಾಟ್ರಿಕ್ ಸರ್ಜರಿಯಾಗಿ 12ರಿಂದ 18 ತಿಂಗಳು ಕಳೆದಿರಬೇಕು, ಕೊನೆಯ ಮೂರರಿಂದ ಆರು ತಿಂಗಳು ತೂಕ ನಿಂತಿರಬೇಕು. ಇನ್ನೂ ಇಳಿಯುತ್ತಿರುವಾಗ ಮಾಡಿಸಿಕೊಂಡರೆ ಮತ್ತೆ ಸಡಿಲ ಬರುತ್ತದೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 30ರ ಒಳಗಿದ್ದರೆ ಒಳ್ಳೆಯದು, 35 ದಾಟಿದ್ದರೆ ಪ್ಯಾನಿಕ್ಯುಲೆಕ್ಟಮಿ ಬಿಟ್ಟು ಬೇರೆಯದರ ಮಾತು ಬೇಡ. ಬೀಡಿ, ಸಿಗರೇಟು, ನಿಕೋಟಿನ್ ಗಮ್ ಕೂಡ ನಾಲ್ಕು ವಾರ ಮೊದಲೇ ನಿಲ್ಲಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಬಿಡಿಸಿದ ಚರ್ಮ ಬದುಕುವುದೇ ಆ ನಾಳಗಳಿಂದ.

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಒಂದೇ ನೋಡಿ ಸುಮ್ಮನಾಗಬಾರದು. ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು), ಬಿ12, ಫೋಲೇಟ್, ವಿಟಮಿನ್ ಡಿ, ಆಲ್ಬುಮಿನ್ (ರಕ್ತದ ಪ್ರೋಟೀನ್) ಎಲ್ಲ ಬೇಕು. ಜಠರದ ಬೈಪಾಸ್ (ತೂಕ ಇಳಿಸಲು ಜಠರವನ್ನು ಕಿರಿದು ಮಾಡಿ ಕರುಳಿಗೆ ಜೋಡಿಸುವ ಸರ್ಜರಿ) ಆದವರಲ್ಲಿ ಕಬ್ಬಿಣ, ಬಿ12 ಇಳಿದಿರುವುದು ಮಾಮೂಲು. ಪ್ರೋಟೀನ್ ದಿನಕ್ಕೆ 60ರಿಂದ 100 ಗ್ರಾಂ ಹೋಗಬೇಕು. ನಮ್ಮ ಊಟದಲ್ಲಿ ಇದು ಕಷ್ಟದ ಲೆಕ್ಕ: ಮೊಟ್ಟೆಗೆ 6 ಗ್ರಾಂ, 100 ಗ್ರಾಂ ಪನೀರಿಗೆ ಸುಮಾರು 18, ಒಣ ಸೋಯಾ ಚಂಕ್ಸ್ 50 ಗ್ರಾಂಗೆ ಸುಮಾರು 25. ಮುದ್ದೆ-ಸಾರು, ಅನ್ನ-ತಿಳಿಸಾರು ನೆಚ್ಚಿಕೊಂಡರೆ ಗಾಯ ಕೂಡುವುದು ತಡ. ತೂಕ ಇಳಿಸುವ ವಾರದ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು. ಅದರಿಂದ ಹೊಟ್ಟೆ ನಿಧಾನ ಖಾಲಿಯಾಗುತ್ತದೆ, ಉಪವಾಸವಿದ್ದರೂ ಒಳಗೆ ಆಹಾರ ಉಳಿದು, ಮಂಪರಿನಲ್ಲಿ ಶ್ವಾಸಕೋಶಕ್ಕೆ ಹೋಗಬಹುದು.

ಆದ ಮೇಲೆ

ಸೆರೋಮಾ ಎಂದರೆ ಬಿಡಿಸಿದ ಚರ್ಮದಡಿ ನೀರು ತುಂಬುವುದು. ಅದನ್ನು ತಡೆಯಲು ಡ್ರೇನ್ ಹಾಕಿರುತ್ತಾರೆ, ತುದಿಯಲ್ಲಿ ಹಿಂಡಿದ ಪ್ಲಾಸ್ಟಿಕ್ ಬಲ್ಬ್. ಬೆಳಿಗ್ಗೆ ಒಂದೇ ಹೊತ್ತಿಗೆ ಬಿಚ್ಚಿ, ಅಳತೆ ಲೋಟಕ್ಕೆ ಸುರಿದು, ಮಿಲಿ ಬರೆದಿಟ್ಟು, ಬಲ್ಬನ್ನು ಹಿಂಡಿ ಗಾಳಿ ಹೊರಹಾಕಿ ಮುಚ್ಚಳ ಹಾಕಬೇಕು. ಹಿಂಡದೆ ಮುಚ್ಚಿದರೆ ಎಳೆತ ಇರುವುದಿಲ್ಲ, ಡ್ರೇನ್ ಇದ್ದೂ ಇಲ್ಲದ ಹಾಗೆ. 24 ಗಂಟೆಗೆ 30 ಮಿಲಿಗಿಂತ ಕಡಿಮೆ, ಅದೂ ಸತತ ಎರಡು ದಿನ ಬಂದ ಮೇಲೆ ತೆಗೆಯುತ್ತಾರೆ. ಬಣ್ಣ ಕೆಂಪಿನಿಂದ ತಿಳಿ ಹಳದಿಗೆ ಹೋಗಬೇಕು. ತಿಳಿಯಾಗಿದ್ದದ್ದು ಇದ್ದಕ್ಕಿದ್ದಂತೆ ಗಾಢ ಕೆಂಪಾಗಿ ಬಲ್ಬ್ ಬೇಗ ತುಂಬಿದರೆ ಒಳಗೆ ರಕ್ತ ಸೋರುತ್ತಿದೆ, ಬೆಳಗಾಗಲಿ ಎಂದು ಕಾಯಬೇಡಿ. ಮೀನಖಂಡದ ನೋವು, ಒಂದೇ ಕಾಲಿನ ಊತ, ಹಠಾತ್ ಏದುಸಿರು ಕಂಡರೂ ಅಷ್ಟೇ, ನೇರ ಕ್ಯಾಶುವಾಲ್ಟಿಗೆ.

ಜಠರದ ಬೈಪಾಸ್ ಆದವರು ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ ನುಂಗಬಾರದು, ಜೋಡಣೆಯ ಜಾಗದಲ್ಲಿ ಹುಣ್ಣಾಗಬಹುದು. ಡಿಸ್ಚಾರ್ಜ್ ಚೀಟಿಯಲ್ಲಿ ಅಭ್ಯಾಸಬಲದಿಂದ ಬರೆದುಬಿಡುವ ಮಾತ್ರೆ ಇದು, ಓದಿ ನೋಡಿ ಕೇಳಿ. ಹೊಕ್ಕುಳಿನ ಕೆಳಗೆ ತಿಂಗಳುಗಟ್ಟಲೆ ಸ್ಪರ್ಶ ಇರುವುದಿಲ್ಲ, ಬಿಸಿನೀರಿನ ಚೀಲ ಇಟ್ಟುಕೊಂಡು ಬೊಬ್ಬೆ ಬರಿಸಿಕೊಳ್ಳಬೇಡಿ. ಮೊದಲ ವಾರ ಬಾಗಿಕೊಂಡೇ ನಡೆಯಬೇಕು, ಮಂಡಿಯಡಿ ದಿಂಬಿಟ್ಟು ಮಲಗಬೇಕು. ಆರು ವಾರ ಮೈಯನ್ನು ಬಿಗಿಯಾಗಿ ಒತ್ತಿ ಹಿಡಿಯುವ ಪ್ರೆಶರ್ ಗಾರ್ಮೆಂಟ್, ಆರು ವಾರ 5 ಕೆಜಿಗಿಂತ ಭಾರ ಎತ್ತುವಂತಿಲ್ಲ. ಅಂದರೆ ತುಂಬಿದ ಬಿಂದಿಗೆಯೂ ಇಲ್ಲ, ಮಗುವೂ ಇಲ್ಲ. ನಮ್ಮ ಕಂದು ಚರ್ಮದಲ್ಲಿ ಗೆರೆ ಕಪ್ಪಾಗಿ ದಪ್ಪವಾಗುವುದು ಹೆಚ್ಚು, ಪೂರ್ತಿ ಹದಕ್ಕೆ ಬರಲು ವರ್ಷವೇ ಬೇಕು. ಸಿಲಿಕೋನ್ ಶೀಟನ್ನು ಗಾಯ ಮುಚ್ಚಿದ ಮೇಲೆ ದಿನಕ್ಕೆ 12 ಗಂಟೆಯಾದರೂ, ಮೂರು ತಿಂಗಳು ಹಾಕಿ.

ದುಡ್ಡು, ವಿಮೆ, ಡಾಕ್ಟರು

ಭಾರತದ ಆರೋಗ್ಯ ವಿಮೆಗಳಲ್ಲಿ ‘ಎಕ್ಸ್‌ಕ್ಲೂಷನ್ 08’ ಎಂಬ ಕಲಂ ಸೌಂದರ್ಯದ ಸರ್ಜರಿಯನ್ನು ಹೊರಗಿಡುತ್ತದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುಜೋಡಣೆಗೆ ವಿನಾಯಿತಿ ಇದೆ. ಆರೋಗ್ಯಕ್ಕೆ ನೇರ, ತಕ್ಷಣದ ಅಪಾಯವಿದೆಯೆಂದು ಚಿಕಿತ್ಸೆ ಕೊಡುವ ವೈದ್ಯರು ಪ್ರಮಾಣೀಕರಿಸಿದಾಗಲೂ ಇದೆ. ಒಪ್ಪಿಗೆಯ ಆಸೆ ಇರುವುದು ಪ್ಯಾನಿಕ್ಯುಲೆಕ್ಟಮಿಗೆ ಮಾತ್ರ, ಅದೂ ಚರ್ಮರೋಗ ತಜ್ಞರ ಹಲವು ತಿಂಗಳ ಚೀಟಿಗಳು, ಮಡಿಕೆ ಎತ್ತಿ ಹಿಡಿದು ತೆಗೆದ ಹುಣ್ಣಿನ ಫೋಟೋಗಳು ಇದ್ದರೆ. ಮೊದಲೇ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಸೌಂದರ್ಯದ ಸರ್ಜರಿಗೆ ಜಿಎಸ್‌ಟಿ ಇದೆ, ಅಂದಾಜುಪಟ್ಟಿಯಲ್ಲಿ ಅದು ಸೇರಿದೆಯೇ, ಗಾರ್ಮೆಂಟ್, ಡ್ರೆಸಿಂಗ್, ಮರುಹೊಲಿಗೆಯ ಖರ್ಚು ಯಾರದು ಎಂದು ಕೇಳಿ ಬರೆಸಿಕೊಳ್ಳಿ.

ಸರ್ಜನ್ ಎಂ.ಸಿಎಚ್. ಅಥವಾ ಡಿಎನ್‌ಬಿ (ಈಗಿನ ಹೆಸರು ಡಿಆರ್‌ಎನ್‌ಬಿ) ಪ್ಲಾಸ್ಟಿಕ್ ಸರ್ಜರಿ ಮಾಡಿದವರಾಗಿರಬೇಕು. ‘ಕಾಸ್ಮೆಟಿಕ್ ಸರ್ಜನ್’ ಎಂಬ ಬೋರ್ಡು ಪದವಿಯಲ್ಲ. ಐಸಿಯು ಇಲ್ಲದ ಕ್ಲಿನಿಕ್ಕಿನಲ್ಲಿ ಟಮ್ಮಿ ಟಕ್ ಕೂಡ ಬೇಡ, ಬೆಲ್ಟ್ ಲೈಪೆಕ್ಟಮಿಯ ಮಾತಂತೂ ಎತ್ತಲೇಬೇಡಿ. ಕರ್ನಾಟಕದಲ್ಲಾದರೆ ಕೆಪಿಎಂಇ (ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆ) ನೋಂದಣಿ ಪತ್ರ ಗೋಡೆಯ ಮೇಲಿದೆಯೇ ನೋಡಿ.

ಸರ್ಜರಿಯ ದಿನ ಬೆಳಿಗ್ಗೆ ನಿಮ್ಮನ್ನು ನಿಲ್ಲಿಸಿ ಮಾರ್ಕರ್‌ನಿಂದ ಗೆರೆ ಎಳೆಯುತ್ತಾರೆ. ಮಲಗಿದರೆ ಚರ್ಮ ಸರಿಯುವುದರಿಂದ ಇದು ನಿಂತೇ ಆಗಬೇಕು. ದಿನಾ ಉಡುವ ಲಂಗವನ್ನೋ ಪ್ಯಾಂಟನ್ನೋ ಆಗ ಜೊತೆಗೆ ಒಯ್ದು, ಲಾಡಿ ಕಟ್ಟುವ ಜಾಗದಲ್ಲಿ ಕಟ್ಟಿ ತೋರಿಸಿ. ಎಳೆದ ಗೆರೆ ಲಾಡಿಯ ಮೇಲಕ್ಕೆ ಬಂದರೆ ಅಲ್ಲೇ ಹೇಳಿ, ಎರಡು ಬೆರಳು ಕೆಳಗಿಳಿಸಲು ಆಗುತ್ತದೋ ಇಲ್ಲವೋ ಕೇಳಿ. ಮಾರ್ಕರ್ ಗೆರೆಯನ್ನು ಸ್ಪಿರಿಟ್ ಹಚ್ಚಿ ಒರೆಸಿ ಮತ್ತೆ ಎಳೆಯಬಹುದು.